ಸಸೆಕ್ಸ್ ಸ್ಪೇನಿಯೆಲ್: ಪೊದೆಯೊಳಗಿಂದ ದನಿ ಕೊಡುವ ನಾಯಿ

ಪ್ರಶ್ನೆ: ನಾನು ಮೈಸೂರಿನವಳು. ಕೆಲವು ವರ್ಷಗಳಿಂದ ಇಂಗ್ಲೆಂಡಿನ ಲೂಯಿಸ್ ಊರಿನ ಹತ್ತಿರ ಇದ್ದೇವೆ. ಈಚೆಗೆ ವಾಕಿಂಗ್ ಹೋದಾಗ ವಯಸ್ಸಾದ ಹೆಂಗಸೊಬ್ಬರ ಜೊತೆ ಒಂದು ನಾಯಿ ನೋಡಿದೆ. ಗಿಡ್ಡ ಕಾಲು, ಉದ್ದ ಮೈ, ಬೆಲ್ಲದ ಬಣ್ಣ, ಅರ್ಧಕ್ಕೇ ನಿಂತ ಬಾಲ. ಮುಖ ನೋಡಿದರೆ ಏನೋ ಚಿಂತೆಯಲ್ಲಿರುವ ಹಾಗಿತ್ತು. ಆಕೆ ಅದನ್ನು ಸಸೆಕ್ಸ್ ಸ್ಪೇನಿಯೆಲ್ ಅಂದರು. ಇದು ಗನ್ ಡಾಗ್, ಈಗ ತುಂಬಾ ಅಪರೂಪ ಅಂತಲೂ ಹೇಳಿದರು. ಇಷ್ಟು ಗಿಡ್ಡ ನಾಯಿ ಬೇಟೆಗೆ ಹೇಗೆ? ಯಾಕೆ ಅಪರೂಪ ಆಯಿತು? ನಾವು ಒಂದು ಮರಿ ತರಬಹುದಾ? ಮುಂದೆ ಮೈಸೂರಿನಲ್ಲಿರುವ ಅಪ್ಪ ಅಮ್ಮನ ಹತ್ತಿರ ಬಿಡಬಹುದಾ?

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ನಾನು ಪಶುವೈದ್ಯ. ಕೆಲವು ವರ್ಷ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದೇನೆ. ಅಲ್ಲಿ ದಿನಕ್ಕೆ ಹತ್ತು ಲ್ಯಾಬ್ರಡಾರ್, ಐದಾರು ಕಾಕರ್ ಸ್ಪೇನಿಯೆಲ್ ನೋಡುತ್ತಿದ್ದೆ. ಸಸೆಕ್ಸ್ ಸ್ಪೇನಿಯೆಲ್ ಬಂದ ದಿನ ಮಾತ್ರ ಕ್ಲಿನಿಕ್ಕಿನ ಎಲ್ಲರೂ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. ಅಷ್ಟು ಅಪರೂಪ. ನೀವು ಅದನ್ನು ಅದರ ಸ್ವಂತ ಸೀಮೆಯಲ್ಲೇ, ಸಸೆಕ್ಸ್‌ನಲ್ಲೇ ನೋಡಿದ್ದೀರಿ.

ಎಷ್ಟು ಅಪರೂಪ ಅಂತ ಮೊದಲು ಹೇಳುತ್ತೇನೆ. ತಳಿ ನಾಯಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆ ಕೆನೆಲ್ ಕ್ಲಬ್, ಅಪಾಯದಲ್ಲಿರುವ ಅಲ್ಲಿನ ದೇಶಿ ತಳಿಗಳ ಒಂದು ಪಟ್ಟಿ ಇಟ್ಟಿದೆ. ವರ್ಷಕ್ಕೆ 300 ಅಥವಾ ಅದಕ್ಕಿಂತ ಕಡಿಮೆ ಮರಿಗಳು ನೋಂದಣಿಯಾಗುವ ತಳಿ ಆ ಪಟ್ಟಿಗೆ ಸೇರುತ್ತದೆ. ಸಸೆಕ್ಸ್ ಸ್ಪೇನಿಯೆಲ್‌ಗೆ ಈಚಿನ ವರ್ಷಗಳಲ್ಲಿ 100 ಮುಟ್ಟುವುದೇ ಕಷ್ಟವಾಗಿದೆ. ಅದೇ ದೇಶದಲ್ಲಿ ಲ್ಯಾಬ್ರಡಾರ್ ಮರಿಗಳು ವರ್ಷಕ್ಕೆ ಸಾಮಾನ್ಯವಾಗಿ 30,000 ದಾಟುತ್ತವೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಇಷ್ಟು ಗಿಡ್ಡ ನಾಯಿ ಬೇಟೆಗೆ ಹೇಗೆ ಅಂತ. ನಮ್ಮ ಕಡೆಯವರಿಗೆ ಈ ಅನುಮಾನ ಬರುವುದು ಸಹಜ. ಬೇಟೆ ನಾಯಿ ಅಂದ ಕೂಡಲೇ ನಮಗೆ ನೆನಪಾಗುವುದು ಮುಧೋಳ. ಉದ್ದ ಕಾಲು, ಒಣಕಲು ಹೊಟ್ಟೆ, ಬಾಣದಂಥ ಓಟ. ಅದು ಕಣ್ಣಿನಿಂದ ನೋಡಿ, ಅಟ್ಟಿಸಿಕೊಂಡು ಹೋಗಿ, ತಾನೇ ಹಿಡಿಯುವ ನಾಯಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನಿಮಗೆ ಗೊತ್ತಿರಬಹುದು, ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಮಣಲೇರ ಅನ್ನುವ ವೀರನಿಗೆ ಒಡೆಯ ಮೆಚ್ಚಿ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಹತ್ತನೇ ಶತಮಾನದಲ್ಲಿ ಆ ನಾಯಿಗೆ ಕಲ್ಲು ನಿಲ್ಲಿಸಿದರು. ನಮ್ಮ ಮನಸ್ಸಿನಲ್ಲಿ ಬೇಟೆ ನಾಯಿಯ ಚಿತ್ರ ಇವತ್ತಿಗೂ ಅದೇ.

ಗನ್ ಡಾಗ್ ಇದಕ್ಕೆ ತದ್ವಿರುದ್ಧ. ಅದು ಕೊಲ್ಲುವ ನಾಯಿ ಅಲ್ಲವೇ ಅಲ್ಲ. ಕೊಲ್ಲುವುದು ಕೋವಿಯ ಕೆಲಸ. ನಾಯಿಯ ಕೆಲಸ ಮೂರು: ಹಕ್ಕಿ ಎಲ್ಲಿದೆ ಅಂತ ಮೂಸಿ ಹುಡುಕುವುದು, ಅದನ್ನು ಎಬ್ಬಿಸುವುದು, ಗುಂಡು ತಗಲಿ ಬಿದ್ದ ಹಕ್ಕಿಯನ್ನು ಗಾಯ ಮಾಡದೆ ಬಾಯಲ್ಲಿ ತರುವುದು. ಪಾಯಿಂಟರ್ ಮತ್ತು ಸೆಟ್ಟರ್ ನಾಯಿಗಳು ಬಯಲಿನಲ್ಲಿ ದೂರ ಓಡಿ, ವಾಸನೆ ಸಿಕ್ಕ ಕೂಡಲೇ ಕಂಬದ ಹಾಗೆ ನಿಂತು ತೋರಿಸುತ್ತವೆ. ರಿಟ್ರೀವರ್‌ಗಳು ಬಿದ್ದದ್ದನ್ನು ತರುತ್ತವೆ. ಸ್ಪೇನಿಯೆಲ್‌ಗಳು ಪೊದೆಗೆ ನುಗ್ಗಿ ಎಬ್ಬಿಸುತ್ತವೆ. ಈ ಪೊದೆಗೆ ನುಗ್ಗುವ ಕೆಲಸದಲ್ಲೇ ಸಸೆಕ್ಸ್ ಸ್ಪೇನಿಯೆಲ್‌ನ ಪೂರ್ತಿ ಗುಟ್ಟಿದೆ.

ಲೂಯಿಸ್ ಸುತ್ತ ಸುಣ್ಣಕಲ್ಲಿನ ಬೋಳು ಗುಡ್ಡಗಳನ್ನು ನೀವು ನೋಡಿರುತ್ತೀರಿ. ಅಲ್ಲಿಂದ ಈಶಾನ್ಯಕ್ಕೆ ಹೋದರೆ ನೆಲ ಬೇರೆಯೇ ಆಗುತ್ತದೆ. ಹೈ ವೀಲ್ಡ್ ಅನ್ನುವ ಆ ಸೀಮೆಯಲ್ಲಿ ಜೇಡಿಮಣ್ಣು, ಸಣ್ಣ ಸಣ್ಣ ಕಾಡು, ಆಳವಾದ ತೊರೆಗಳು, ಎಲ್ಲಿ ನೋಡಿದರೂ ಮುಳ್ಳಿನ ಬ್ರ್ಯಾಂಬಲ್ ಪೊದೆ. ನಮ್ಮ ಮಲೆನಾಡಿನವರು ಹಳು ಅಂತಾರಲ್ಲ, ಅಂಥದ್ದೇ. ಮೇಲಿನಿಂದ ನೋಡಿದರೆ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ. ಉದ್ದ ಕಾಲಿನ ನಾಯಿ ಅದರ ಮೇಲೆ ಹಾರಬೇಕು, ಇಲ್ಲವೇ ಸುತ್ತು ಹಾಕಬೇಕು. ಗಿಡ್ಡ ಕಾಲಿನ, ಭಾರವಾದ, ಅಗಲ ಎದೆಯ ನಾಯಿ ಅದರ ಬುಡದಲ್ಲೇ ತಲೆ ತಗ್ಗಿಸಿ ನೂಕಿಕೊಂಡು ಹೋಗುತ್ತದೆ. ಗಿಡ್ಡ ಅಂತ ನಿಮಗೆ ಕಂಡದ್ದೇ ಅಲ್ಲಿ ಅದರ ಬಲ.

ಆ ಕಾಲದ ಕೋವಿಯನ್ನೂ ನೆನೆಸಿಕೊಳ್ಳಿ. ಇನ್ನೂ ತೋಟೆ ಬಂದಿರಲಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗಜ ಹಾಕಿ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಜಡಿಯಬೇಕು. ಒಂದು ಈಡು ಹಾರಿದ ಮೇಲೆ ಇನ್ನೊಂದಕ್ಕೆ ಸಿದ್ಧವಾಗಲು ಸಾಕಷ್ಟು ಹೊತ್ತು ಬೇಕು. ಚರೆ ಹೋಗುವ ದೂರವೂ ಕಮ್ಮಿ. ಆಗ ನಾಯಿ ನೂರು ಗಜ ಮುಂದೆ ಓಡಿ ಹಕ್ಕಿಗಳನ್ನೆಲ್ಲ ಎಬ್ಬಿಸಿಬಿಟ್ಟರೆ ಏನು ಪ್ರಯೋಜನ? ನಡೆದು ಬರುವ ಮನುಷ್ಯನ ಹತ್ತಿರವೇ ಇದ್ದು, ನಿಧಾನವಾಗಿ, ಒಂದು ಪೊದೆಯನ್ನೂ ಬಿಡದೆ ಹುಡುಕುವ ನಾಯಿಯೇ ಬೇಕಾಗಿತ್ತು.

ಅಂಥ ನಾಯಿಯನ್ನು ಬೇಕಂತಲೇ ಬೆಳೆಸಿದವರು ಆಗಸ್ಟಸ್ ಎಲಿಯಟ್ ಫುಲ್ಲರ್. ಪೂರ್ವ ಸಸೆಕ್ಸ್‌ನ ಬ್ರೈಟ್ಲಿಂಗ್ ಹಳ್ಳಿಯಲ್ಲಿ ರೋಸ್‌ಹಿಲ್ ಅನ್ನುವ ಎಸ್ಟೇಟ್ ಇತ್ತು. ಅಲ್ಲಿ 1795ರ ಹೊತ್ತಿಗೆ ಅವರು ಈ ನಾಯಿಗಳ ಸಂತಾನ ಶುರು ಮಾಡಿದರು ಅಂತ ತಳಿಯ ಚರಿತ್ರೆ ಹೇಳುತ್ತದೆ. 50 ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಡದೆ ನಡೆಸಿದರು. ಫುಲ್ಲರ್ ಮನೆತನ ದೊಡ್ಡ ಸಾಹುಕಾರ ಮನೆತನ. ವೀಲ್ಡ್‌ನಲ್ಲಿ ಕಬ್ಬಿಣದ ಕುಲುಮೆ ಇಟ್ಟು ಫಿರಂಗಿ ಎರಕ ಹೊಯ್ಯುತ್ತಿದ್ದರು. ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು, ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ಇದನ್ನೂ ಹೇಳಲೇಬೇಕು. ಅರ್ಧ ಶತಮಾನ ನಾಯಿ ಸಾಕುವುದಕ್ಕೆ ಬೇಕಾದ ಹಣ, ಬಿಡುವು ಎಲ್ಲಿಂದ ಬಂತು ಅನ್ನುವುದೂ ಈ ಕಥೆಯದೇ ಭಾಗ.

ಅದೇ ಮನೆತನದ ಜಾನ್ ಫುಲ್ಲರ್ ಅವರನ್ನು ಜನ ಮ್ಯಾಡ್ ಜ್ಯಾಕ್ ಅಂತ ಕರೆಯುತ್ತಿದ್ದರು. ಬ್ರೈಟ್ಲಿಂಗ್ ಚರ್ಚಿನ ಅಂಗಳದಲ್ಲಿ ಒಂದು ಪಿರಮಿಡ್ ಇದೆ, ಅದು ಅವರ ಸಮಾಧಿ. ಸತ್ತದ್ದು 1834ರಲ್ಲಿ. ಅದಕ್ಕೆ ಎಷ್ಟೋ ಮುಂಚೆಯೇ ಅದನ್ನು ತಾವೇ ಕಟ್ಟಿಸಿಕೊಂಡಿದ್ದರು. ನೀವಿರುವ ಜಾಗದಿಂದ ಕಾರಿನಲ್ಲಿ ಹೋಗಿ ಬರುವಷ್ಟೇ ದೂರ. ಒಮ್ಮೆ ಹೋಗಿ. ಚರ್ಚಿನಿಂದ ಆಚೆ ಕಾಣುವ ಕಾಡು, ಬೇಲಿ, ಇಳಿಜಾರು ನೋಡಿದರೆ ಈ ನಾಯಿ ಯಾಕೆ ಹೀಗಿದೆ ಅನ್ನುವುದು ನಾನು ಬರೆದದ್ದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಈ ತಳಿಯ ಒಂದು ವಿಶೇಷ ಗುಣ ಹೇಳಬೇಕು. ಬೇರೆ ಸ್ಪೇನಿಯೆಲ್‌ಗಳು ಬೇಟೆಯಲ್ಲಿ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತವೆ. ಸಸೆಕ್ಸ್ ದನಿ ಕೊಡುತ್ತದೆ. ಪೊದೆಯೊಳಗೆ ಬಿಸಿ ವಾಸನೆ ಸಿಕ್ಕಿದ ಕೂಡಲೇ ಕುಂಯ್ ಅಂತ ಶುರುವಾಗಿ, ಪ್ರಾಣಿ ಹತ್ತಿರವಾದಂತೆ ದನಿ ಏರುತ್ತಾ ಹೋಗುತ್ತದೆ. ಆಳೆತ್ತರದ ಹಳುವಿನಲ್ಲಿ ನಾಯಿ ಕಾಣುವುದೇ ಇಲ್ಲ. ಹೊರಗೆ ಕೋವಿ ಹಿಡಿದು ನಿಂತವನಿಗೆ ಆ ದನಿಯೇ ಕಣ್ಣು. ಎಲ್ಲಿದೆ, ಯಾವ ಕಡೆ ಹೋಗುತ್ತಿದೆ, ಈಗಲೋ ಇನ್ನೊಂದು ಗಳಿಗೆಯಲ್ಲೋ ಹಾರುತ್ತದೆ ಅಂತೆಲ್ಲ ಕಿವಿಯಿಂದಲೇ ತಿಳಿಯಬೇಕು. ಮೊಲದ ವಾಸನೆಗೆ ಒಂದು ದನಿ, ಹಕ್ಕಿಯ ವಾಸನೆಗೆ ಇನ್ನೊಂದು ದನಿ. ಪಳಗಿದ ಕೀಪರ್‌ಗಳು ನಾಯಿಯನ್ನು ನೋಡದೆಯೇ ಯಾವುದು ಏಳುತ್ತದೆ ಅಂತ ಹೇಳುತ್ತಿದ್ದರು. ಕೀಪರ್ ಅಂದರೆ ಎಸ್ಟೇಟಿನ ಬೇಟೆ ಕಾಡು ನೋಡಿಕೊಳ್ಳುವ ಆಳು. ಇವತ್ತಿಗೂ ಕೆನೆಲ್ ಕ್ಲಬ್ಬಿನ ತಳಿ ಲಕ್ಷಣದಲ್ಲಿ ಈ ಗುಣ ಬರೆದಿಟ್ಟಿದೆ: ದಟ್ಟ ಪೊದೆಯಲ್ಲಿ ಕೆಲಸ ಮಾಡುವಾಗ ದನಿ ಕೊಡುತ್ತದೆ ಅಂತ.

ಈ ಮಾತು ನೆನಪಿರಲಿ. ಮುಂದೆ ಇದೇ ದನಿ ಅದಕ್ಕೆ ಮುಳುವಾಯಿತು.

1857ರಲ್ಲಿ ಆಗಸ್ಟಸ್ ಫುಲ್ಲರ್ ತೀರಿಕೊಂಡರು. ರೋಸ್‌ಹಿಲ್ ನಾಯಿಗಳು ಚೆಲ್ಲಾಪಿಲ್ಲಿಯಾದವು. ಅಲ್ಲಿನ ಮುಖ್ಯ ಕೀಪರ್ ರೆಲ್ಫ್ ಅನ್ನುವವರು ಒಂದು ಗಂಡು, ಒಂದು ಹೆಣ್ಣು ಇಟ್ಟುಕೊಂಡು ಸಂತಾನ ಮುಂದುವರಿಸಿದರು. ಯಜಮಾನರ ಹೆಸರು ಎಲ್ಲ ಪುಸ್ತಕಗಳಲ್ಲೂ ದಪ್ಪ ಅಕ್ಷರದಲ್ಲಿ ಇರುತ್ತದೆ. ದಿನಾ ಬೆಳಿಗ್ಗೆ ಎದ್ದು ಆ ನಾಯಿಗಳಿಗೆ ಊಟ ಹಾಕಿ, ಪಳಗಿಸಿ, ಕಷ್ಟಕಾಲದಲ್ಲಿ ಬೀಜ ಉಳಿಸಿದ ಕೀಪರ್‌ಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನನ್ನ ಲೆಕ್ಕದಲ್ಲಿ ಇಬ್ಬರದೂ ಸಮನಾದ ಪಾಲು.

ಅಷ್ಟರಲ್ಲಿ ಡಾಗ್ ಶೋಗಳ ಕಾಲ ಬಂತು. 1862ರಲ್ಲೇ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಶೋದಲ್ಲಿ ಸಸೆಕ್ಸ್ ಸ್ಪೇನಿಯೆಲ್‌ಗಳಿದ್ದವು. 1870ರ ದಶಕದಲ್ಲಿ ಬಿಲ್ಸ್‌ಟನ್ನಿನ ಫಿನಿಯಸ್ ಬುಲಕ್ ಇವುಗಳನ್ನು ಸಾಕಿ ಹೆಸರು ಮಾಡಿದರು. ಆದರೆ ಆಗ ಸಸೆಕ್ಸ್ ಮತ್ತು ಫೀಲ್ಡ್ ಸ್ಪೇನಿಯೆಲ್ ಅನ್ನುವ ಇನ್ನೊಂದು ತಳಿಯ ನಡುವೆ ಬೇಲಿಯೇ ಇರಲಿಲ್ಲ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಕೂಡಿಸುತ್ತಿದ್ದರು. ಒಂದೇ ಸೂಲಿನ ಮರಿಗಳಲ್ಲಿ ಒಂದು ಸಸೆಕ್ಸ್ ಅಂತಲೂ ಇನ್ನೊಂದು ಫೀಲ್ಡ್ ಅಂತಲೂ ಶೋಗೆ ಹೋದದ್ದುಂಟು. ಅಮೆರಿಕನ್ ಕೆನೆಲ್ ಕ್ಲಬ್ 1884ರಲ್ಲಿ ಹುಟ್ಟಿತು. ಅದು ಮೊಟ್ಟಮೊದಲು ಒಪ್ಪಿಕೊಂಡ ಬೆರಳೆಣಿಕೆಯ ತಳಿಗಳಲ್ಲಿ ಸಸೆಕ್ಸ್ ಕೂಡ ಒಂದು. ಅಷ್ಟು ಹಳೆಯ ಹೆಸರು, ಇವತ್ತು ಅಮೆರಿಕದಲ್ಲೂ ಅಪರೂಪ.

ಹಾಗಾದರೆ ಇಳಿಮುಖ ಯಾಕೆ ಆಯಿತು? ರೋಗ ಬಂದು ಅಲ್ಲ, ನಾಯಿ ಕೆಟ್ಟದ್ದು ಅಂತಲೂ ಅಲ್ಲ. ಅದು ಮಾಡುತ್ತಿದ್ದ ಕೆಲಸವೇ ಹೋಯಿತು. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಹಿಂದಿನಿಂದ ತೋಟೆ ತುಂಬುವ ಕೋವಿ ಬಂತು. ಈಗ ಬೇಗ ಬೇಗ ಹೊಡೆಯಬಹುದು. ಶ್ರೀಮಂತರು ನಡೆದು ಹೋಗಿ ಬೇಟೆಯಾಡುವುದನ್ನು ಬಿಟ್ಟು ಒಂದು ಕಡೆ ಸಾಲಾಗಿ ನಿಂತರು. ಆಳುಗಳ ಗುಂಪು ಕಾಡು ಸೋವಿಕೊಂಡು ಬಂದು ಹಕ್ಕಿಗಳನ್ನು ಅವರ ತಲೆಯ ಮೇಲೆ ಹಾರಿಸುತ್ತಿತ್ತು. ನೂರಾರು ಹಕ್ಕಿ ಬೀಳುವ ಆ ಆಟಕ್ಕೆ ಬೇಕಾದದ್ದು ಸುಮ್ನೆ ಕೂತು, ಹೇಳಿದಾಗ ಓಡಿ ತರುವ ರಿಟ್ರೀವರ್. ಪೊದೆಯಲ್ಲಿ ಒಂದೊಂದೇ ಹಕ್ಕಿ ಹುಡುಕುವ ನಿಧಾನದ ನಾಯಿ ಯಾರಿಗೂ ಬೇಡವಾಯಿತು.

ಉಳಿದ ನಡಿಗೆ ಬೇಟೆಗೂ ಹೊಸ ಅಳತೆ ಬಂತು. 1899ರಲ್ಲಿ ಸ್ಪೇನಿಯೆಲ್‌ಗಳ ಫೀಲ್ಡ್ ಟ್ರಯಲ್ ಶುರುವಾಯಿತು. ಅಂದರೆ ಬೇಟೆ ಕೆಲಸದ ಸ್ಪರ್ಧೆ. ಸ್ಪರ್ಧೆ ಅಂದ ಮೇಲೆ ಚುರುಕು ನಾಯಿಗೇ ಮಾರ್ಕು ಜಾಸ್ತಿ. ಮಿಂಚಿನಂತೆ ಅತ್ತಿಂದಿತ್ತ ಓಡುವ ಸ್ಪ್ರಿಂಗರ್, ಕಾಕರ್ ಮುಂದೆ ಬಂದವು. ಇನ್ನು ದನಿ. ಈ ಟ್ರಯಲ್‌ಗಳಲ್ಲಿ ಕೆಲಸದ ಹೊತ್ತಿಗೆ ನಾಯಿ ದನಿ ಮಾಡುವುದು ದೊಡ್ಡ ತಪ್ಪು, ಸ್ಪರ್ಧೆಯಿಂದಲೇ ಹೊರಗೆ ಹಾಕುವಂಥ ತಪ್ಪು. ನೋಡಿ, ತಳಿಯ ಲಕ್ಷಣ ಬರೆದ ಹಾಳೆಯಲ್ಲಿ ಯಾವುದು ಗುಣವೋ, ಸ್ಪರ್ಧೆಯ ನಿಯಮದಲ್ಲಿ ಅದೇ ದೋಷ. ಗೆದ್ದ ನಾಯಿಯ ಮರಿಗೆ ಬೆಲೆ, ಗೆಲ್ಲದ ನಾಯಿಗೆ ಸಂತಾನವೇ ಇಲ್ಲ. ಸಸೆಕ್ಸ್‌ನಂಥ ಹಳೇ ಕಾಲದ ಸ್ಪೇನಿಯೆಲ್ ಮೂಲೆಗೆ ಸರಿದದ್ದು ಹೀಗೆ. ನನಗೆ ಈ ಕಥೆಯಲ್ಲಿ ತುಂಬಾ ನೋವಾಗುವ ಜಾಗ ಇದೇ.

ಮೇಲಿಂದ ಎರಡು ಮಹಾಯುದ್ಧ. ಮೊದಲ ಯುದ್ಧದ ಕಾಲದಲ್ಲಿ ಸ್ಕಾಟ್ಲೆಂಡಿನ ಹಾರ್ವೀಸ್ಟನ್ನಿನ ಕೆರ್ ಅವರು ತಳಿಯನ್ನು ಉಳಿಸಿಕೊಂಡರು. 1924ರಲ್ಲಿ ಸಸೆಕ್ಸ್ ಸ್ಪೇನಿಯೆಲ್ ಅಸೋಸಿಯೇಷನ್ ಹುಟ್ಟಿತು. ಎರಡನೇ ಯುದ್ಧ ಬಂದಾಗ ಆಹಾರಕ್ಕೇ ರೇಷನ್, ನಾಯಿಗೆ ಎಲ್ಲಿಂದ ತರುವುದು? ಸಾಕುವವರು ಒಬ್ಬೊಬ್ಬರಾಗಿ ಕೈಬಿಟ್ಟರು. ಜಾಯ್ ಫ್ರೀರ್ ಅನ್ನುವ ಮಹಿಳೆ ಬಿಡಲಿಲ್ಲ. ಫೋರ್‌ಕ್ಲೋವರ್ಸ್ ಅನ್ನುವುದು ಅವರ ಕೆನೆಲ್, ಅಂದರೆ ನಾಯಿ ಸಾಕುವ ಮನೆ. ಅವರು ಎಂಟು ನಾಯಿಗಳನ್ನು ಯುದ್ಧದ ಉದ್ದಕ್ಕೂ ಸಾಕಿ ದಾಟಿಸಿದರು. ಇವತ್ತು ಪ್ರಪಂಚದಲ್ಲಿರುವ ಸಸೆಕ್ಸ್ ಸ್ಪೇನಿಯೆಲ್‌ಗಳೆಲ್ಲ ಆ ನಾಯಿಗಳ ವಂಶ ಅಂತಲೇ ಲೆಕ್ಕ. ನೀವು ವಾಕಿಂಗಿನಲ್ಲಿ ಕಂಡ ನಾಯಿಯೂ ಅದೇ ವಂಶದ್ದು.

ಎಂಟು ನಾಯಿಯಿಂದ ಒಂದು ತಳಿ ಅಂದರೆ ಏನು ಅಂತ ವೈದ್ಯನಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲವೂ ದಾಯಾದಿಗಳೇ ಆಗಿಬಿಡುತ್ತವೆ. ಮೂಲದ ಒಂದು ನಾಯಿಯಲ್ಲಿ ಅಡಗಿದ್ದ ದೋಷ ನಾಲ್ಕು ತಲೆ ಕಳೆಯುವಷ್ಟರಲ್ಲಿ ಅಪ್ಪನ ಕಡೆಯಿಂದಲೂ ಅಮ್ಮನ ಕಡೆಯಿಂದಲೂ ಒಂದೇ ಮರಿಗೆ ಬಂದು ಸೇರುತ್ತದೆ. ಹೊಸ ರಕ್ತ ಬೇಕು ಅಂತ 1950ರ ದಶಕದಲ್ಲಿ ಕ್ಲಂಬರ್ ಸ್ಪೇನಿಯೆಲ್ ಜೊತೆ ಕೂಡಿಸಿದರು. ಅದೂ ಭಾರವಾದ, ನಿಧಾನದ, ಅಪರೂಪದ ಸ್ಪೇನಿಯೆಲ್ಲೇ. ಮೈಕಟ್ಟಿಗೆ ಅದರಿಂದ ಅನುಕೂಲವಾಯಿತು.

ಈ ಎರಡೂ ತಳಿಗಳಲ್ಲಿ ಕಾಣುವ ಒಂದು ಕಾಯಿಲೆಯ ಹೆಸರು ಉದ್ದವಿದೆ, ಚಿಕ್ಕದಾಗಿ ಪಿಡಿಪಿ1 ಕೊರತೆ ಅನ್ನುತ್ತೇವೆ. ತಿಂದದ್ದನ್ನು ಶಕ್ತಿಯಾಗಿ ಮಾಡುವ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ಮರಿ ನೋಡಲು ಚೆನ್ನಾಗಿಯೇ ಇರುತ್ತದೆ. ನಾಲ್ಕು ಹೆಜ್ಜೆ ಓಡಿದರೆ ಸುಸ್ತಾಗಿ ಕುಸಿಯುತ್ತದೆ. ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಏರುತ್ತದೆ. ಇದಕ್ಕೆ ಈಗ ಡಿಎನ್‌ಎ ಪರೀಕ್ಷೆ ಇದೆ. ದೋಷದ ಜೀನ್ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಯಿಲೆ, ಒಂದೇ ಕಡೆಯಿಂದ ಬಂದರೆ ನಾಯಿ ಆರೋಗ್ಯವಾಗಿರುತ್ತದೆ. ಹಾಗೆ ಒಂದನ್ನು ಹೊತ್ತ ನಾಯಿಯನ್ನು ಸಂತಾನದಿಂದ ಪೂರ್ತಿ ದೂರ ಇಡಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಷ್ಟು ಸಣ್ಣ ತಳಿಯಲ್ಲಿ ಪ್ರತಿ ನಾಯಿಯ ಉಳಿದ ಜೀನುಗಳೂ ಚಿನ್ನವೇ. ಅದನ್ನು ದೋಷವಿಲ್ಲದ ನಾಯಿಗೇ ಕೂಡಿಸಿ, ಮರಿಗಳನ್ನು ಪರೀಕ್ಷೆ ಮಾಡಿ ಮುಂದೆ ಹೋಗುವುದು ಬುದ್ಧಿವಂತಿಕೆ.

ಇದಲ್ಲದೆ ಸೊಂಟದ ಕೀಲಿನ ತೊಂದರೆ ಈ ತಳಿಯಲ್ಲಿ ಜಾಸ್ತಿ. ಹುಟ್ಟಿನಿಂದ ಬರುವ ಹೃದಯದ ತೊಂದರೆಗಳೂ ಇವೆ. ಗರ್ಭ ನಿಲ್ಲುವುದು ಕಷ್ಟ, ಹೆರಿಗೆಯೂ ಸುಲಭವಲ್ಲ, ಎಷ್ಟೋ ಸಲ ಸಿಸೇರಿಯನ್ ಬೇಕಾಗುತ್ತದೆ. ಸಂಖ್ಯೆ ಬೇಗ ಏರದಿರಲು ಇದೂ ಕಾರಣ.

ಈಗ ನಾಯಿಯನ್ನೇ ನೋಡೋಣ. ಎತ್ತರ 38ರಿಂದ 41 ಸೆಂಟಿಮೀಟರ್, ತೂಕ ಸುಮಾರು 23 ಕಿಲೋ. ಎತ್ತರದಲ್ಲಿ ಕಾಕರ್‌ಗೆ ಹತ್ತಿರ, ತೂಕದಲ್ಲಿ ಎಷ್ಟೋ ಜಾಸ್ತಿ. ಎತ್ತಿಕೊಳ್ಳಲು ಹೋದವರಿಗೆ ಅಕ್ಕಿ ಮೂಟೆ ಎತ್ತಿದ ಹಾಗೆ ಆಗುತ್ತದೆ. ಬಣ್ಣದ ವಿಷಯದಲ್ಲಿ ನೀವು ಬೆಲ್ಲ ಅಂದದ್ದು ಸರಿಯಾಗಿದೆ. ಜೋನಿಬೆಲ್ಲವನ್ನು ಬಿಸಿಲಿಗೆ ಹಿಡಿದರೆ ಒಳಗೆ ಕಂದು, ಅಂಚಿನಲ್ಲಿ ಹೊನ್ನಿನ ಹೊಳಪು ಬರುತ್ತಲ್ಲ, ಹಾಗೆ. ಕೂದಲಿನ ಬುಡ ಕಂದು, ತುದಿಗೆ ಹೋದಂತೆ ಹೊನ್ನು. ಬೇರೆ ಯಾವ ಸ್ಪೇನಿಯೆಲ್‌ಗೂ ಈ ಬಣ್ಣವಿಲ್ಲ. ಮೂಗು ಕೂಡ ಕಪ್ಪಲ್ಲ, ಕಂದು.

ಚಿಂತೆಯ ಮುಖ ಅಂತ ಬರೆದಿದ್ದೀರಿ. ತಳಿಯ ಲಕ್ಷಣದಲ್ಲೇ ಹಣೆ ಗಂಟು ಹಾಕಿದಂತಿರಬೇಕು ಅಂತ ಇದೆ. ಕಣ್ಣು ಮಾತ್ರ ತಿಳಿಗಂದು, ತುಂಬಾ ಮೃದು. ಹಣೆ ನೋಡಿದರೆ ಸಿಟ್ಟು, ಕಣ್ಣು ನೋಡಿದರೆ ಪ್ರೀತಿ, ಬಾಲ ನೋಡಿದರೆ ಸಂತೋಷ. ಆ ಬಾಲ ಒಂದು ಕ್ಷಣ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲಿ ಬಾಲ ಕತ್ತರಿಸುವುದಕ್ಕೆ 2007ರಿಂದ ನಿಷೇಧವಿದೆ. ಪೊದೆಯಲ್ಲಿ ಬಾಲ ಗಾಯವಾಗುತ್ತದೆ ಅಂತ ಬೇಟೆ ಕೆಲಸದ ನಾಯಿಗಳಿಗೆ ವಿನಾಯಿತಿ ಇದೆ. ನೀವು ನೋಡಿದ್ದು ಅರ್ಧ ಬಾಲದ ನಾಯಿ ಆದ್ದರಿಂದ ಅದು ಕೆಲಸದ ಮನೆಯಿಂದ ಬಂದಿರಬಹುದು.

ನಡಿಗೆಯನ್ನು ಗಮನಿಸಿದ್ದೀರಾ? ಮೈ ಎಡಕ್ಕೆ ಬಲಕ್ಕೆ ತೂಗುತ್ತದೆ, ರಥಬೀದಿಯಲ್ಲಿ ತೇರು ತೂಗಿದ ಹಾಗೆ. ಗಿಡ್ಡ ಕಾಲು, ಅಗಲ ಎದೆ, ಉದ್ದ ಬೆನ್ನು ಸೇರಿದಾಗ ಬರುವ ನಡಿಗೆ ಅದು. ಬೇರೆ ನಾಯಿಯಲ್ಲಿ ಕಂಡರೆ ಕಾಲು ನೋವಿರಬೇಕು ಅಂತ ಪರೀಕ್ಷೆ ಮಾಡುತ್ತೇನೆ. ಸಸೆಕ್ಸ್‌ನಲ್ಲಿ ಅದು ಸರಿಯಾದ ನಡಿಗೆ.

ಸ್ವಭಾವ ತುಂಬಾ ಒಳ್ಳೆಯದು, ಆದರೆ ಸ್ವಂತ ಬುದ್ಧಿಯ ನಾಯಿ. ಕಾಕರ್ ಕೂಗಿದ ಕೂಡಲೇ ಓಡಿ ಬರುತ್ತದೆ. ಸಸೆಕ್ಸ್ ಒಮ್ಮೆ ಯೋಚಿಸಿ, ಆಮೇಲೆ ಬರುತ್ತದೆ. ಗದರಿದರೆ ಮುನಿಸಿಕೊಳ್ಳುತ್ತದೆ. ಕೈ ಎತ್ತಿದರಂತೂ ಮುಗಿಯಿತು, ಮತ್ತೆ ನಿಮ್ಮನ್ನು ನಂಬಲು ತಿಂಗಳುಗಳೇ ಬೇಕು. ಮೆಲುದನಿಯಲ್ಲಿ, ತಾಳ್ಮೆಯಿಂದ, ಚೂರು ತಿಂಡಿಯ ಆಸೆ ತೋರಿಸಿ ಕಲಿಸಿದರೆ ಕಲಿಯುತ್ತದೆ. ಕಲಿತದ್ದನ್ನು ಮರೆಯುವುದಿಲ್ಲ.

ಈ ನಾಯಿಗೆ ಒಮ್ಮೆ ಪ್ರಪಂಚವೇ ತಿರುಗಿ ನೋಡುವಂಥ ದಿನ ಬಂದಿತ್ತು. 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಡಾಗ್ ಶೋದಲ್ಲಿ ಎಲ್ಲ ತಳಿಗಳನ್ನೂ ಹಿಂದೆ ಹಾಕಿ ಗೆದ್ದದ್ದು ಒಂದು ಸಸೆಕ್ಸ್ ಸ್ಪೇನಿಯೆಲ್. ಮನೆಯಲ್ಲಿ ಕರೆಯುವ ಹೆಸರು ಸ್ಟಂಪ್, ವಯಸ್ಸು ಹತ್ತು. ಅಷ್ಟು ವಯಸ್ಸಿನ ನಾಯಿ ಆ ಪ್ರಶಸ್ತಿಯನ್ನು ಅದಕ್ಕೆ ಮುಂಚೆ ಗೆದ್ದಿರಲಿಲ್ಲ. 2004ರಲ್ಲಿ ಅದಕ್ಕೆ ಸೋಂಕು ತಗಲಿ ಸಾಯುವ ಸ್ಥಿತಿಗೆ ಹೋಗಿತ್ತು. ಟೆಕ್ಸಾಸ್‌ನ ಪಶುವೈದ್ಯರು ಹರಸಾಹಸಪಟ್ಟು ಉಳಿಸಿದರು. ಶೋಗಳಿಂದ ನಿವೃತ್ತಿಯಾಗಿ ಮನೆಯಲ್ಲಿ ಹಾಯಾಗಿದ್ದ ನಾಯಿಯನ್ನು, ಶೋದಲ್ಲಿ ಅದನ್ನು ನಡೆಸುವ ಹ್ಯಾಂಡ್ಲರ್ ಸ್ಕಾಟ್ ಸಾಮರ್ ಕೆಲವೇ ದಿನ ಮುಂಚೆ ಮನಸ್ಸು ಮಾಡಿ ಮತ್ತೆ ಕರೆತಂದಿದ್ದರು. ತನ್ನ ತೂಗು ನಡಿಗೆಯಲ್ಲೇ ರಿಂಗಿನಲ್ಲಿ ಸುತ್ತು ಹಾಕಿ, ಪ್ರಶಸ್ತಿ ಗೆದ್ದು ಮನೆಗೆ ಹೋಯಿತು.

ನೀವು ಮರಿ ತರಬಹುದಾ? ತರಬಹುದು. ಆದರೆ ಅಪರೂಪ ಅನ್ನುವ ಒಂದೇ ಕಾರಣಕ್ಕೆ ಬೇಡ. ಮೊದಲಿಗೆ ದನಿಯ ವಿಷಯ ಯೋಚಿಸಿ. ಪೊದೆಯಲ್ಲಿ ದನಿ ಕೊಡಲೆಂದೇ ಬೆಳೆಸಿದ ನಾಯಿ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಇರುವುದಿಲ್ಲ. ಬೊಗಳುತ್ತದೆ, ಗುನುಗುತ್ತದೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆ. ಗಂಡ ಹೆಂಡತಿ ಇಬ್ಬರೂ ಇಡೀ ದಿನ ಕೆಲಸಕ್ಕೆ ಹೋಗುವ ಮನೆಗೆ ಈ ನಾಯಿ ಬೇಡ. ಗೋಡೆಗೆ ಗೋಡೆ ತಾಗಿದ ಮನೆಯಾದರೆ ಅಕ್ಕಪಕ್ಕದವರ ಜೊತೆ ಮೊದಲೇ ಮಾತಾಡಿ.

ದಿನಕ್ಕೆ ಎರಡು ಸಲ ನಿಧಾನದ ನಡಿಗೆ ಸಾಕು. ಆದರೆ ಡಾಂಬರು ರಸ್ತೆಯಲ್ಲಿ ಅಲ್ಲ, ಮೂಸಲು ಹುಲ್ಲು, ಬೇಲಿ, ಪೊದೆ ಇರುವ ಕಡೆ. ಅದಕ್ಕೆ ಮೂಗೇ ಜೀವನ. ಒಂದೊಂದು ಬೇಲಿಯ ಬುಡದಲ್ಲೂ ಐದು ನಿಮಿಷ ನಿಲ್ಲುತ್ತದೆ, ನೀವೂ ನಿಲ್ಲಬೇಕು. ಮರಿಯಾಗಿದ್ದಾಗ ಮೆಟ್ಟಿಲು ಹತ್ತಿಸಬೇಡಿ, ಸೋಫಾದಿಂದ ಜಿಗಿಯಲು ಬಿಡಬೇಡಿ. ಮೈ ಭಾರ, ಮೂಳೆ ಎಳೆಯದು, ಸೊಂಟಕ್ಕೆ ಪೆಟ್ಟು. ಊಟ ಅಳತೆಯಲ್ಲಿರಲಿ. ಆ ಕಣ್ಣು ನೋಡಿ ಕರಗಿ ಚಪಾತಿ ಚೂರು ಹಾಕುತ್ತಾ ಹೋದರೆ ಒಂದು ವರ್ಷದಲ್ಲಿ ಪೀಪಾಯಿ ಆಗುತ್ತದೆ. ಕಿವಿಯನ್ನು ವಾರಕ್ಕೆ ಎರಡು ಸಲ ಎತ್ತಿ ನೋಡಿ. ಜೋಲು ಕಿವಿಯೊಳಗೆ ಗಾಳಿಯಾಡದೆ ಸೋಂಕು ಬೇಗ ಬರುತ್ತದೆ, ವಾಸನೆ ಬಂದರೆ ಡಾಕ್ಟರ ಹತ್ತಿರ ಹೋಗಿ.

ಸಸೆಕ್ಸ್ ಸ್ಪೇನಿಯೆಲ್ ಅಸೋಸಿಯೇಷನ್ ಮೂಲಕ ಬ್ರೀಡರ್‌ಗಳನ್ನು ಹುಡುಕಿ. ತಂದೆ ತಾಯಿ ಎರಡಕ್ಕೂ ಪಿಡಿಪಿ1 ಪರೀಕ್ಷೆ, ಸೊಂಟದ ಎಕ್ಸ್‌ರೇ ಆಗಿದೆಯಾ ಅಂತ ಕೇಳಿ, ಕಾಗದ ನೋಡಿ. ತಾಯಿ ನಾಯಿಯ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಒಳ್ಳೆಯ ಬ್ರೀಡರ್ ನಿಮ್ಮನ್ನೇ ಹೆಚ್ಚು ಪ್ರಶ್ನೆ ಕೇಳುತ್ತಾರೆ, ಹೆಣ್ಣು ಕೊಡುವ ಮನೆಯವರು ವಿಚಾರಿಸಿದ ಹಾಗೆ. ಬೇಸರ ಮಾಡಿಕೊಳ್ಳಬೇಡಿ. ಒಂದು ವರ್ಷ, ಇನ್ನೂ ಹೆಚ್ಚು ಕಾಯಬೇಕಾಗಬಹುದು. ನಾಳೆಯೇ ಮರಿ ಕೊಡುತ್ತೇನೆ ಅಂದವರಿಂದ ದೂರ ಇರಿ.

ಇನ್ನು ಮೈಸೂರು. ಇಲ್ಲಿ ನನ್ನ ಉತ್ತರ ಬೇಡ ಅಂತಲೇ. ಮೈಸೂರಿನ ಹವೆ ತಂಪು ಅಂತ ನಾವು ಹೇಳಿಕೊಂಡರೂ, ಈ ದಟ್ಟ ಕೂದಲಿನ ಭಾರದ ನಾಯಿಗೆ ಮಾರ್ಚಿ ಏಪ್ರಿಲ್ ತಡೆಯುವುದಿಲ್ಲ. ಮಳೆಗಾಲದಲ್ಲಿ ಕಿವಿ ಸೋಂಕು ಬಿಡುವುದಿಲ್ಲ. ರಕ್ತ ಹೀರುವ ಉಣ್ಣೆ ಹುಳು ಹತ್ತಿದರೆ ಅಷ್ಟು ಕೂದಲಿನಲ್ಲಿ ಹುಡುಕುವುದು ಹೇಗೆ? ಉಣ್ಣೆಯಿಂದ ಬರುವ ಜ್ವರಕ್ಕೆ ನಮ್ಮಲ್ಲಿ ವರ್ಷಕ್ಕೆ ಎಷ್ಟು ನಾಯಿ ಸಾಯುತ್ತವೆ ಅಂತ ದಿನಾ ನೋಡುತ್ತಿದ್ದೇನೆ. 23 ಕಿಲೋ ನಾಯಿಯನ್ನು ವಯಸ್ಸಾದ ನಿಮ್ಮ ತಂದೆ ತಾಯಿ ಎತ್ತಿ ಆಟೋಗೆ ಹಾಕಿ ಆಸ್ಪತ್ರೆಗೆ ತರಲಾರರು. ಇದೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಮಾತು. ಹನ್ನೊಂದು ಹನ್ನೆರಡು ವರ್ಷ ಬದುಕುವ ನಾಯಿ ಇದು, ಒಬ್ಬರಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಊರು ಬದಲಾದರೂ ಸಹಿಸಿಕೊಂಡೀತು, ಮನೆಯವರು ಬದಲಾದರೆ ಸಹಿಸುವುದಿಲ್ಲ. ಅಷ್ಟು ವರ್ಷ ನೀವೇ ಇಟ್ಟುಕೊಳ್ಳುವಂತಿದ್ದರೆ ತನ್ನಿ. ಅಪ್ಪ ಅಮ್ಮನಿಗೆ ಜೊತೆ ಬೇಕಾದರೆ ಮೈಸೂರಿನಲ್ಲೇ ಮನೆ ಹುಡುಕುತ್ತಿರುವ ನಮ್ಮ ಬೀದಿಯ ಮರಿಗಳು ಬೇಕಾದಷ್ಟಿವೆ. ನಮ್ಮ ಬಿಸಿಲು ಮಳೆ ಅವಕ್ಕೆ ಒಗ್ಗಿದೆ.

ಸದ್ಯಕ್ಕೆ ಮರಿಯ ಯೋಚನೆ ಪಕ್ಕಕ್ಕಿಡಿ. ಆ ಹಿರಿಯರನ್ನು ಮತ್ತೆ ಕಂಡರೆ, ಒಂದು ದಿನ ನಾಯಿಯ ಜೊತೆ ಪೊದೆ ಇರುವ ಕಡೆ ನಾನೂ ಬರಲಾ ಅಂತ ಕೇಳಿ. ಈ ತಳಿ ಸಾಕುವವರು ಅದರ ಬಗ್ಗೆ ಕೇಳಿದರೆ ಖುಷಿಯಿಂದ ಕರೆದುಕೊಂಡು ಹೋಗುತ್ತಾರೆ. ಕೋವಿ ಬೇಕಿಲ್ಲ, ಹಕ್ಕಿ ಸಾಯಬೇಕಿಲ್ಲ. ನಾಯಿ ಬ್ರ್ಯಾಂಬಲ್ ಬುಡಕ್ಕೆ ತಲೆ ತೂರಿಸಿ ಮರೆಯಾದ ಮೇಲೆ ಮಾತು ನಿಲ್ಲಿಸಿ ಕಿವಿಗೊಡಿ. ಮೊದಲು ಎಲೆ ಅಲ್ಲಾಡುವ ಸದ್ದು, ಆಮೇಲೆ ಸಣ್ಣಗೆ ಕುಂಯ್ ಅನ್ನುವುದು, ಆಮೇಲೆ ಏರುತ್ತಾ ಬರುವ ದನಿ. ಅದು ಮೊಲಕ್ಕೋ ಹಕ್ಕಿಗೋ ಅಂತ ಅವರನ್ನೇ ಕೇಳಿ. ಅವರು ಏನು ಹೇಳಿದರು, ಪೊದೆಯಿಂದ ಏನು ಎದ್ದಿತು ಅಂತ ನನಗೂ ಬರೆಯಿರಿ.